ಲಾರಿಗೂ ಒಂದು ಜಾತಕ: ಹಳೇ ಗಾಡಿಗೆ ಸರಿಹೊಂದೋ ಪಾರ್ಟ್ ಹುಡುಕೋದು ಹೇಗೆ?

“ಬೆಂಗಳೂರಲ್ಲಿ ಸಿಗುತ್ತಾ ಸ್ವಲ್ಪ ನೋಡು ಮಗಾ” ಅಂತ ಊರಿಂದ ಬರೋ ಫೋನ್ ನಿಮಗೆ ಹೊಸದಲ್ಲ. ಅಮ್ಮನ ಮಿಕ್ಸಿಗೆ ಜಾರ್, ಅಜ್ಜನ ಮಾತ್ರೆ, ತೋಟದ ಡ್ರಿಪ್ ಪೈಪಿಗೆ ಕನೆಕ್ಟರ್, ಇವೆಲ್ಲ ಹೇಗೋ ಆಗುತ್ತೆ. ಮನೆಯಲ್ಲಿ ಹಳೇ ಲಾರಿ ಇದ್ದವರಿಗೆ ಬರೋ ಫೋನ್ ಮಾತ್ರ ಬೇರೆ. “407ಗೆ ಕ್ಲಚ್ ಪ್ಲೇಟ್ ಬೇಕಿತ್ತು. ಇಲ್ಲಿ ತಂದಿದ್ದು ಕೂರ್ತಿಲ್ಲ. ಗಾಡಿ ಮೂರು ದಿನದಿಂದ ನಿಂತಿದೆ.”

“ಗಾಡಿ ನಿಂತಿದೆ” ಅನ್ನೋ ಮಾತಿನ ಭಾರ ಲಾರಿ ಮನೆಯವರಿಗೇ ಗೊತ್ತು. ಡ್ರೈವರ್‌ಗೆ ಕೊಡೋದು ಕೊಡಲೇಬೇಕು, ಸಾಲದ ಕಂತು ಕಾಯಲ್ಲ, ಹೊಲದಲ್ಲಿ ಕಿತ್ತಿಟ್ಟ ಟೊಮೆಟೊ ಅಂತೂ ಕಾಯೋದೇ ಇಲ್ಲ. ಎರಡು ಸಲ ಲೋಡ್ ತಪ್ಪಿಸಿದ್ರೆ ಮೂರನೇ ಸಲ ವ್ಯಾಪಾರಿ ಬೇರೆ ಗಾಡಿ ನೋಡ್ಕೋತಾರೆ.

ನೀವು ಫೋನ್ ತೆಗೆದು “407 ಕ್ಲಚ್ ಪ್ಲೇಟ್” ಅಂತ ಹುಡುಕ್ತೀರಿ. ಸಾಲುಸಾಲು ಪ್ಲೇಟ್ ಬರುತ್ತೆ. ಎಲ್ಲದರ ಮೇಲೂ 407 ಅಂತಲೇ ಬರೆದಿರುತ್ತೆ. ಬೆಲೆಯಲ್ಲಿ ಎರಡು ಪಟ್ಟು ವ್ಯತ್ಯಾಸ. ಯಾವುದು ನಿಮ್ಮ ಗಾಡಿದು?

ಹಳೇ ಲಾರಿಗೆ ಪಾರ್ಟೇ ಸಿಗಲ್ಲ ಅನ್ನೋದು ಬಹುಪಾಲು ಸಲ ನಿಜವಲ್ಲ. ಪಾರ್ಟ್ ಯಾವುದೋ ಅಂಗಡಿಯ ಮೇಲಿನ ಅಟ್ಟದಲ್ಲಿ ಇದ್ದೇ ಇರುತ್ತೆ. ಅದನ್ನ ಯಾವ ನಂಬರ್ ಹೇಳಿ ಕೇಳಬೇಕು ಅನ್ನೋದು ನಮ್ಮ ಹತ್ತಿರ ಇರಲ್ಲ, ಅಷ್ಟೇ. ಮದುವೆಗೆ ಬರೀ ಹೆಸರು ಕೇಳಿ ಯಾರೂ ಮಾತು ಕೊಡಲ್ಲ. ನಕ್ಷತ್ರ, ಪಾದ ಎಲ್ಲ ನೋಡ್ತಾರೆ. ಪಾರ್ಟ್ ವಿಷಯವೂ ಹಾಗೇ. ಮೊದಲು ಲಾರಿಯ ಜಾತಕ ಬರೀಬೇಕು. ಈ ಕೆಲಸವನ್ನ ಬೆಂಗಳೂರಲ್ಲಿ ಕೂತ ನೀವು, ಊರಲ್ಲಿರೋ ಅಪ್ಪ ಮತ್ತು ಮೆಕ್ಯಾನಿಕ್ ಜೊತೆ ಸೇರಿ, ಫೋನಲ್ಲೇ ಮಾಡಬಹುದು.

407 ಅಂದ್ರೆ ಯಾವ 407?

ಟಾಟಾ 407 ಬಂದಿದ್ದು 1986ರಲ್ಲಿ. ಆಗ ಸಣ್ಣ ಲಾರಿಗಳ ಮಾರುಕಟ್ಟೆಗೆ ಜಪಾನಿನ ಕಂಪನಿಗಳ ಜೊತೆ ಕೈಜೋಡಿಸಿ ನಾಲ್ಕು ಗಾಡಿ ಬಂದಿದ್ವು: ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಶಿ, ಆಲ್ವಿನ್ ನಿಸಾನ್. ಅವುಗಳಿಗೆ ಎದುರಾಗಿ ನಿಂತು ಗೆದ್ದ ಗಾಡಿ 407. ಇಷ್ಟು ವರ್ಷದಲ್ಲಿ ಹೆಸರು ಅದೇ ಉಳಿದರೂ ಒಳಗಿನದು ಬದಲಾಗ್ತಾ ಬಂತು. ಮೊದಲು ಟರ್ಬೋ ಇಲ್ಲದ ಎಂಜಿನ್, ಆಮೇಲೆ ಟರ್ಬೋ ಇರೋದು, ಈಚೆಗೆ ಕಂಪ್ಯೂಟರ್ ಹಿಡಿತದಲ್ಲಿರೋ ಕಾಮನ್ ರೈಲ್. ಅದಕ್ಕೆ ತಕ್ಕ ಹಾಗೆ ಗೇರ್‌ಬಾಕ್ಸ್, ಕ್ಲಚ್, ಬ್ರೇಕ್ ಕೂಡ ಬದಲಾದವು. ಹಾಗಾಗಿ 1995ರ 407 ಮತ್ತು 2012ರ 407 ಒಂದೇ ಹೆಸರಿನ ಅಣ್ಣತಮ್ಮಂದಿರು, ಒಬ್ಬರ ಚಪ್ಪಲಿ ಇನ್ನೊಬ್ಬರಿಗೆ ಆಗಲೇಬೇಕು ಅಂತಿಲ್ಲ.

ದೊಡ್ಡ ಗಾಡಿಗಳದ್ದೂ ಇದೇ ಕಥೆ. ಟಾಟಾ 1613 ಅಂದ್ರೆ ಲೋಡ್ ಸಮೇತ ಸುಮಾರು 16 ಟನ್ ತೂಕ, ಸುಮಾರು 130 ಅಶ್ವಶಕ್ತಿ ಅನ್ನೋ ಲೆಕ್ಕ. ಇದು ಗಾಡಿಯ ಗಾತ್ರ ಹೇಳುತ್ತೆ, ಪಾರ್ಟ್ ಹೇಳಲ್ಲ.

ಎಂಜಿನ್ ಹೆಸರು ಇನ್ನೂ ಉಪಯೋಗದ್ದು. ಟಾಟಾದ ಹಳೇ ಎಂಜಿನ್‌ಗಳಲ್ಲಿ ಮೊದಲ ಅಂಕಿ ಸಿಲಿಂಡರ್ ಎಷ್ಟು ಅಂತ, ಉಳಿದ ಎರಡು ಸಿಲಿಂಡರಿನ ಒಳ ವ್ಯಾಸ ಎಷ್ಟು ಮಿ.ಮೀ. ಅಂತ. 692 ಅಂದ್ರೆ ಆರು ಸಿಲಿಂಡರ್, 92 ಮಿ.ಮೀ. 697 ಅಂದ್ರೆ ಆರು ಸಿಲಿಂಡರ್, 97 ಮಿ.ಮೀ. 407ರ 497 ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್, ವ್ಯಾಸ ಅದೇ 97.

ಇಲ್ಲೇ ಒಂದು ಗುಂಡಿ ಇದೆ. 497 ಮತ್ತು 697 ಎರಡರದ್ದೂ 97 ಮಿ.ಮೀ. ಆದ್ದರಿಂದ ಪಿಸ್ಟನ್ ಅದಲು ಬದಲು ಆಗುತ್ತೆ ಅಂದುಕೊಳ್ಳಬೇಡಿ. ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದೂರ 497ರಲ್ಲಿ 100 ಮಿ.ಮೀ., 697ರಲ್ಲಿ 128 ಮಿ.ಮೀ. ಒಂದು ಅಳತೆ ಹೊಂದಿದ ಮಾತ್ರಕ್ಕೆ ಜಾತಕ ಕೂಡಿಬಂತು ಅಂತಲ್ಲ. ಈ ಲೇಖನದಿಂದ ಒಂದೇ ಮಾತು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ.

ಕಂಪನಿಯ ಹೆಸರೂ ಬದಲಾಗಿದೆ

ಹಳೇ ಪಾರ್ಟ್ ಮೇಲಿರೋ ಹೆಸರನ್ನ ಇವತ್ತು ಆನ್‌ಲೈನ್‌ನಲ್ಲಿ ಹುಡುಕಿದ್ರೆ ಸಿಗದೇ ಇರೋದಕ್ಕೆ ಇನ್ನೊಂದು ಕಾರಣ ಇದು. ಟೆಲ್ಕೊ 2003ರಲ್ಲಿ ಟಾಟಾ ಮೋಟಾರ್ಸ್ ಆಯ್ತು. ಸ್ವರಾಜ್ ಮಜ್ದಾ 2011ರಲ್ಲಿ ಎಸ್‌ಎಂಎಲ್ ಇಸುಝು ಆಯ್ತು. ಹಳೇ ಏರ್‌ಬ್ರೇಕ್ ವಾಲ್ವ್ ಮೇಲೆ ಸುಂದರಂ ಕ್ಲೇಟನ್ ಅಂತಿದ್ರೆ, ಆ ವ್ಯವಹಾರ ಮುಂದೆ ವಾಬ್ಕೊ ಆಗಿ, 2020ರಲ್ಲಿ ಝಡ್‌ಎಫ್ ಕೈಗೆ ಹೋಗಿದೆ.

ನಮ್ಮ ಬೆಂಗಳೂರಿನ ಮೈಕೋ ಇದಕ್ಕೆ ಎಲ್ಲರಿಗೂ ಗೊತ್ತಿರೋ ಉದಾಹರಣೆ. 1951ರಲ್ಲಿ ಶುರುವಾದ, ಆಡುಗೋಡಿಯಲ್ಲಿ ಕಾರ್ಖಾನೆ ಇದ್ದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯ್ತು. ಹಳೇ ಮೆಕ್ಯಾನಿಕ್‌ಗಳು ಇವತ್ತಿಗೂ “ಮೈಕೋ ಪಂಪ್” ಅಂತಲೇ ಅಂತಾರೆ. ಅಪ್ಪ ಮೈಕೋ ಅಂದ್ರೆ ನೀವು ಬಾಷ್ ಅಂತ ಹುಡುಕಿ.

ಜಾತಕದಲ್ಲಿ ಏನೇನು ಬರೀಬೇಕು?

ಒಂದು ಸಲ ಕೂತು ಬರೆದಿಟ್ರೆ ಗಾಡಿ ಇರೋವರೆಗೂ ಉಪಯೋಗಕ್ಕೆ ಬರುತ್ತೆ. ಮುಂದಿನ ಸಲ ಊರಿಗೆ ಹೋದಾಗ ಒಂದು ಭಾನುವಾರ ಬೆಳಗ್ಗೆ ಸಾಕು.

ಮೊದಲು ಆರ್‌ಸಿ. ತಯಾರಾದ ತಿಂಗಳು ಮತ್ತು ವರ್ಷ, ಚಾಸಿಸ್ ನಂಬರ್, ಎಂಜಿನ್ ನಂಬರ್, ಸಿಲಿಂಡರ್ ಎಷ್ಟು, ಎಷ್ಟು ಸಿಸಿ, ವೀಲ್‌ಬೇಸ್ ಎಷ್ಟು ಅನ್ನೋದೆಲ್ಲ ಅದರಲ್ಲಿರುತ್ತೆ. ರಿಜಿಸ್ಟರ್ ಆದ ವರ್ಷ ಬೇರೆ, ತಯಾರಾದ ವರ್ಷ ಬೇರೆ. ಪಾರ್ಟ್‌ಗೆ ಬೇಕಿರೋದು ತಯಾರಾದ ವರ್ಷ. ವೀಲ್‌ಬೇಸ್ ಯಾಕೆ ಅಂತೀರಾ? ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗೋ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಅದನ್ನೇ ಅವಲಂಬಿಸಿದೆ.

ಆಮೇಲೆ ಗಾಡಿಯ ಮೇಲೇ ಇರೋ ಚಾಸಿಸ್ ನಂಬರ್. ಈಚಿನ ಗಾಡಿಗಳಲ್ಲಿ ಇದು 17 ಅಕ್ಷರ. ಟಾಟಾದ್ದು ಎಂಎಟಿ ಅಂತ, ಅಶೋಕ್ ಲೇಲ್ಯಾಂಡ್‌ದು ಎಂಬಿ1 ಅಂತ ಶುರುವಾಗುತ್ತೆ. ತೀರಾ ಹಳೇ ಗಾಡಿಗಳಲ್ಲಿ ನಂಬರ್ ಇದಕ್ಕಿಂತ ಚಿಕ್ಕದು. ಯಾವುದೇ ಆದ್ರೂ ಡೀಲರ್ ಕೌಂಟರಿನವರಿಗೆ ಇದನ್ನ ಪೂರ್ತಿ ಕೊಟ್ರೆ ಅವರು ಕ್ಯಾಟಲಾಗ್‌ನಲ್ಲಿ ನಿಮ್ಮ ಗಾಡಿಯನ್ನೇ ತೆಗೀತಾರೆ. “407” ಅಂತ ಹೇಳಿದ್ರೆ ಒಂದು ವಂಶವೇ ತೆರೆದುಕೊಳ್ಳುತ್ತೆ.

ಮೂರನೆಯದು, ದೊಡ್ಡ ಭಾಗಗಳ ಮೇಲಿನ ಪ್ಲೇಟ್‌ಗಳು. ಡೀಸೆಲ್ ಪಂಪ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಸ್ಟೀರಿಂಗ್ ಬಾಕ್ಸ್, ಸ್ಟಾರ್ಟರ್, ಆಲ್ಟರ್ನೇಟರ್, ಒಂದೊಂದಕ್ಕೂ ಬೇರೆ ನಂಬರ್ ಇರುತ್ತೆ. ಗ್ರೀಸ್ ಒರೆಸಿ, ಸೀಮೆಎಣ್ಣೆ ಹಾಕಿ ತಿಕ್ಕಿ, ಫೋಟೋ ತೆಗೀರಿ. ಕೆತ್ತಿದ ಅಂಕಿ ಕಾಣದಿದ್ರೆ ಮೇಲೆ ಸೀಮೆಸುಣ್ಣ ಉಜ್ಜಿ ಒರೆಸಿದ್ರೆ ಗೆರೆಗಳಲ್ಲಿ ಬಿಳಿ ಕೂತು ಅಂಕಿ ಎದ್ದು ಕಾಣುತ್ತೆ.

ನಾಲ್ಕನೆಯದನ್ನ ಎಲ್ಲರೂ ಮರೀತಾರೆ: ಗಾಡಿಗೆ ಹಿಂದೆ ಆಗಿರೋ ಆಪರೇಷನ್‌ಗಳು. ಇಪ್ಪತ್ತು ವರ್ಷದ ಗಾಡಿ ಕಾರ್ಖಾನೆಯಿಂದ ಬಂದ ಹಾಗೇ ಉಳಿದಿರಲ್ಲ. ಯಾವಾಗಲೋ ಬೇರೆ ಗೇರ್‌ಬಾಕ್ಸ್ ಕೂರಿಸಿರ್ತಾರೆ, 12 ವೋಲ್ಟ್ ಇದ್ದಿದ್ದನ್ನ ಬದಲಾಯಿಸಿರ್ತಾರೆ, ಕ್ರ್ಯಾಂಕ್ ಶಾಫ್ಟ್ ಗ್ರೈಂಡ್ ಮಾಡಿಸಿರ್ತಾರೆ. ಗ್ರೈಂಡ್ ಮಾಡಿಸಿದ ಕ್ರ್ಯಾಂಕಿಗೆ ಎಸ್‌ಟಿಡಿ ಅಂತ ಇರೋ ಸ್ಟ್ಯಾಂಡರ್ಡ್ ಬೇರಿಂಗ್ ತಂದ್ರೆ ಸಡಿಲ ಆಗುತ್ತೆ, 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ ಬೇಕು. ಬೋರ್ ಮಾಡಿಸಿದ ಸಿಲಿಂಡರಿಗೆ ಅದೇ ರೀತಿ ಓವರ್‌ಸೈಜ್ ಪಿಸ್ಟನ್. ಬ್ರೇಕ್ ಡ್ರಮ್ ಲೇತ್‌ಗೆ ಕೊಟ್ಟು ಸವರಿಸಿದ್ರೆ ಲೈನರ್ ದಪ್ಪವೂ ಬದಲಾಗುತ್ತೆ. ಇದು ಯಾವ ಕ್ಯಾಟಲಾಗ್‌ನಲ್ಲೂ ಇಲ್ಲ, ಅಪ್ಪನ ಮತ್ತು ಹಳೇ ಮೆಕ್ಯಾನಿಕ್‌ನ ತಲೆಯಲ್ಲಿದೆ. ಕೇಳಿ, ವಾಯ್ಸ್ ನೋಟ್ ಆದ್ರೂ ಸರಿ, ದಾಖಲಿಸಿ ಇಟ್ಕೊಳ್ಳಿ.

ಪಾರ್ಟ್ ಮೇಲಿನ ಅಂಕಿ ಓದೋದು ಕಲೀರಿ

ಲಾರಿಯ ಎಷ್ಟೋ ಭಾಗ ಆ ಲಾರಿಗೆ ಅಂತಲೇ ಮಾಡಿದ್ದಲ್ಲ. ಬೇರಿಂಗ್, ಆಯಿಲ್ ಸೀಲ್, ಬೆಲ್ಟ್ ಮೊದಲಾದವು ಲೋಕಕ್ಕೆಲ್ಲ ಒಂದೇ ಅಳತೆಯ ಸಾಮಾನು. ಅವುಗಳ ಮೇಲಿನ ನಂಬರ್ ಗೊತ್ತಾದ್ರೆ ಲಾರಿ ಯಾವುದು ಅಂತ ಹೇಳೋದೂ ಬೇಕಿಲ್ಲ.

ಬೇರಿಂಗ್: 6308 ಅಂತ ಬರೆದಿದೆ ಅಂದ್ಕೊಳ್ಳಿ. ಕೊನೆಯ ಎರಡು ಅಂಕಿಯನ್ನ ಐದರಿಂದ ಗುಣಿಸಿ. 08 × 5 = 40. ಒಳಗಿನ ತೂತು 40 ಮಿ.ಮೀ. 32210 ಅನ್ನೋ ಟೇಪರ್ ಬೇರಿಂಗ್ ಆದ್ರೆ 10 × 5 = 50 ಮಿ.ಮೀ. ಕೊನೆ ಅಂಕಿ 04 ಮತ್ತು ಅದಕ್ಕಿಂತ ಮೇಲೆ ಇದ್ದಾಗ ಈ ಲೆಕ್ಕ. ನಂಬರ್ ಹಿಂದೆ 2ಆರ್‌ಎಸ್ ಇದ್ರೆ ಎರಡೂ ಕಡೆ ರಬ್ಬರ್ ಮುಚ್ಚಳ, ಝಡ್‌ಝಡ್ ಇದ್ರೆ ತಗಡಿನ ಮುಚ್ಚಳ, ಸಿ3 ಇದ್ರೆ ಒಳಗಿನ ಸಂದು ಸ್ವಲ್ಪ ಹೆಚ್ಚು. ಬಿಸಿಯಾಗೋ ಜಾಗಕ್ಕೆ ಸಿ3 ಕೊಟ್ಟಿದ್ರೆ ಅದನ್ನೇ ತನ್ನಿ. ಆ ಎರಡು ಅಕ್ಷರ ಬಿಟ್ಟು ತಂದ ಬೇರಿಂಗ್ ಕೂರುತ್ತೆ, ಆದರೆ ಬಾಳಲ್ಲ. ಚಕ್ರದ ಟೇಪರ್ ಬೇರಿಂಗ್‌ಗಳಲ್ಲಿ ಒಳಗಿನ ಭಾಗಕ್ಕೊಂದು, ಹೊರಗಿನ ಬಳೆಗೊಂದು ನಂಬರ್ ಇರಬಹುದು. ಎರಡೂ ಬರ್ಕೊಳ್ಳಿ.

ಆಯಿಲ್ ಸೀಲ್: 55×80×10 ಅಂದ್ರೆ ಒಳ ವ್ಯಾಸ 55, ಹೊರ ವ್ಯಾಸ 80, ದಪ್ಪ 10 ಮಿ.ಮೀ. ಇದರಲ್ಲಿ ಮುಚ್ಚಿಡೋದು ಏನೂ ಇಲ್ಲ.

ಬೆಲ್ಟ್: ಬಿ-52 ಅಂದ್ರೆ ಬಿ ಅನ್ನೋದು ಅಗಲದ ಜಾತಿ, 52 ಒಳಸುತ್ತಳತೆ ಇಂಚಲ್ಲಿ. 13×1000 ಅಂತ ಇದ್ರೆ ಮೇಲಿನ ಅಗಲ 13 ಮಿ.ಮೀ., ಉದ್ದ 1000 ಮಿ.ಮೀ.

ಟೈರ್: 7.50-16 ಅಂದ್ರೆ ಅಗಲ ಏಳೂವರೆ ಇಂಚು, ರಿಮ್ 16 ಇಂಚು. ಅದರ ಜೊತೆ ಇರೋ ಪ್ಲೈ ರೇಟಿಂಗ್ ಎಷ್ಟು ಭಾರ ತಡೆಯುತ್ತೆ ಅಂತ ಹೇಳುತ್ತೆ. ಅದು ಹಳೇದಕ್ಕಿಂತ ಕಮ್ಮಿ ಆಗಬಾರದು.

ಇಂಜೆಕ್ಟರ್ ನಾಝಲ್: ಡಿಎಲ್‌ಎಲ್‌ಎ 150 ಅಂತ ಶುರುವಾದ್ರೆ 150 ಅನ್ನೋದು ಡೀಸೆಲ್ ಸಿಂಪಡಿಸೋ ಕೋನ. ಕೋನ ತಪ್ಪಿದ ನಾಝಲ್ ನೋಡೋಕೆ ಒಂದೇ ಥರ ಇರುತ್ತೆ, ಹಾಕಿದ ಮೇಲೆ ಕಪ್ಪು ಹೊಗೆ ಮತ್ತು ಮೈಲೇಜ್ ಮೂಲಕ ತನ್ನ ಕಥೆ ಹೇಳುತ್ತೆ. ಬಾಷ್ ಪಾರ್ಟ್ ನಂಬರ್ ಹತ್ತು ಅಂಕಿ-ಅಕ್ಷರಗಳದ್ದು. ಒಂದೂ ಬಿಡದೆ ಬರೀಬೇಕು.

ಒಂದು ಎಚ್ಚರಿಕೆ. ಕಬ್ಬಿಣದ ಮೇಲೆ ಉಬ್ಬಿಕೊಂಡು ಎರಕದಲ್ಲೇ ಬಂದಿರೋ ಅಂಕಿ ಸಾಮಾನ್ಯವಾಗಿ ಅಚ್ಚಿನ ನಂಬರ್. ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ಆಮೇಲೆ ಬೇರೆಬೇರೆ ಥರ ತೂತು ಕೊರೆದು ಎರಡು ಮೂರು ಪಾರ್ಟ್ ಮಾಡಿರ್ತಾರೆ. ಪಾರ್ಟ್ ನಂಬರ್ ಹೆಚ್ಚಾಗಿ ಕೆತ್ತಿರುತ್ತೆ, ಒತ್ತಿರುತ್ತೆ, ಇಲ್ಲವೇ ಸ್ಟಿಕ್ಕರ್‌ನಲ್ಲಿರುತ್ತೆ. ಟಾಟಾದ್ದಾದ್ರೆ ಸಾಮಾನ್ಯವಾಗಿ 12 ಅಂಕಿ. ಡೀಲರ್ “ಈ ನಂಬರ್ ನಿಂತು ಹೋಗಿದೆ” ಅಂದ್ರೆ ಅಲ್ಲಿಗೇ ಬಿಡಬೇಡಿ. “ಇದರ ಬದಲಿಗೆ ಬಂದ ಹೊಸ ನಂಬರ್ ಯಾವುದು?” ಅಂತ ಕೇಳಿ. ಎಷ್ಟೋ ಸಲ ಅದೇ ಪಾರ್ಟ್ ಹೊಸ ನಂಬರಿನಲ್ಲಿ ಬದುಕಿರುತ್ತೆ.

ನಂಬರ್ ಅಳಿಸಿ ಹೋಗಿದ್ರೆ ಅಳತೆ

ಸಾವಿರ ರೂಪಾಯಿ ಒಳಗೆ ಒಂದು ಡಿಜಿಟಲ್ ವರ್ನಿಯರ್ ಕ್ಯಾಲಿಪರ್ ಸಿಗುತ್ತೆ. ಅಪ್ಪನಿಗೆ ಕೊಡೋಕೆ ಶರ್ಟ್‌ಗಿಂತ ಒಳ್ಳೆ ಉಡುಗೊರೆ.

ಕ್ಲಚ್ ಪ್ಲೇಟ್ ಆದ್ರೆ ಮೂರು ಸಂಗತಿ ಬೇಕು: ಹೊರ ವ್ಯಾಸ, ಮಧ್ಯದ ತೂತಿನಲ್ಲಿರೋ ಹಲ್ಲುಗಳ ಸಂಖ್ಯೆ, ಆ ತೂತಿನ ಅಳತೆ. ಲಾರಿ ಕ್ಲಚ್‌ಗಳು 310, 352, 380 ಮಿ.ಮೀ. ಹೀಗೆ ಬೇರೆಬೇರೆ ವ್ಯಾಸದಲ್ಲಿ ಬರುತ್ತವೆ. ವ್ಯಾಸ ಹೊಂದಿ ಹಲ್ಲು ಹೊಂದದಿದ್ರೆ ಗೇರ್‌ಬಾಕ್ಸ್ ಶಾಫ್ಟಿಗೆ ಏರೋದೇ ಇಲ್ಲ. ಶುರುವಲ್ಲಿ ಹೇಳಿದ “ತಂದಿದ್ದು ಕೂರ್ತಿಲ್ಲ” ಅನ್ನೋ ತೊಂದರೆ ಹೆಚ್ಚಾಗಿ ಇದೇ.

ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್ ಆದ್ರೆ ಎರಡರ ಹಲ್ಲೂ ಎಣಿಸಿ. ಕ್ರೌನಿಗೆ 41, ಪಿನಿಯನಿಗೆ 7 ಇದ್ರೆ ಅನುಪಾತ 5.86. ಬೇರೆ ಅನುಪಾತದ್ದು ಹಾಕಿದ್ರೆ ಗಾಡಿ ಓಡುತ್ತೆ, ಆದರೆ ಏರಿನಲ್ಲಿ ಎಳೆಯಲ್ಲ ಅಥವಾ ಹೈವೇಯಲ್ಲಿ ಸ್ಪೀಡ್ ಬರಲ್ಲ. ಇವೆರಡನ್ನೂ ಕಾರ್ಖಾನೆಯಲ್ಲಿ ಜೋಡಿಯಾಗೇ ಹೊಂದಿಸಿ, ಎರಡರ ಮೇಲೂ ಒಂದೇ ಸೆಟ್ ನಂಬರ್ ಹಾಕಿರ್ತಾರೆ. ಒಂದನ್ನ ಇಲ್ಲಿಂದ, ಇನ್ನೊಂದನ್ನ ಅಲ್ಲಿಂದ ತಂದು ಸೇರಿಸೋದು ಬೇಡ.

ಬೋಲ್ಟ್ ವಿಷಯದಲ್ಲಿ ದಪ್ಪದ ಜೊತೆ ಮರೆಯ ಅಂತರವೂ ಮುಖ್ಯ. 14 ಮಿ.ಮೀ. ಬೋಲ್ಟ್ 1.5 ಮರೆಯದ್ದೂ ಇದೆ, 2 ಮರೆಯದ್ದೂ ಇದೆ. ಎರಡು ಸುತ್ತು ಕೈಯಲ್ಲೇ ಹೋಗಿ ಆಮೇಲೆ ಬಿಗಿಯಾದ್ರೆ ಸ್ಪ್ಯಾನರ್ ಹಾಕಿ ಒತ್ತಬೇಡಿ, ಅದು ಬೇರೆ ಮರೆ. ಬ್ರಿಟಿಷ್ ಮೂಲದ ತೀರಾ ಹಳೇ ಲೇಲ್ಯಾಂಡ್ ಗಾಡಿಗಳಲ್ಲಿ ಇಂಚಿನ ಲೆಕ್ಕದ ಬೋಲ್ಟ್‌ಗಳೂ ಇರುತ್ತವೆ.

ಫೋಟೋ ತೆಗೆಯೋವಾಗ ಪಾರ್ಟ್ ಪಕ್ಕ ಸ್ಕೇಲ್ ಇಡಿ. ಮೇಲಿಂದ ಒಂದು, ಪಕ್ಕದಿಂದ ಒಂದು, ಹಿಂಭಾಗದ್ದೊಂದು, ನಂಬರ್‌ದು ಹತ್ತಿರದಿಂದ ಒಂದು. ಅಂಗಡಿಗೆ ವಾಟ್ಸಾಪ್ ಮಾಡೋವಾಗ ಹೀಗೆ ಬರೀರಿ:

“ಟಾಟಾ 407, ತಯಾರಾದ ವರ್ಷ ಇಷ್ಟು, ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರ್ ಫೋಟೋದಲ್ಲಿದೆ. ಕ್ಲಚ್ ಪ್ಲೇಟ್ ಬೇಕು. ಹೊರ ವ್ಯಾಸ ಇಷ್ಟು, ಹಲ್ಲು ಇಷ್ಟು. ಗೇರ್‌ಬಾಕ್ಸ್ ಬದಲಾಗಿಲ್ಲ. ಕಂಪನಿ ಜೆನ್ಯೂನ್ ಎಷ್ಟು, ಬೇರೆ ಒಳ್ಳೆ ಮೇಕ್ ಎಷ್ಟು? ಕೂರದಿದ್ರೆ ವಾಪಸ್ ತಗೋತೀರಾ?”

“ಅಣ್ಣಾ, 407 ಕ್ಲಚ್ ಎಷ್ಟು?” ಅನ್ನೋ ಮೆಸೇಜಿಗೆ ಬರೋ ಉತ್ತರಕ್ಕೂ ಇದಕ್ಕೆ ಬರೋ ಉತ್ತರಕ್ಕೂ ಎಷ್ಟು ವ್ಯತ್ಯಾಸ ಅಂತ ನೀವೇ ನೋಡಿ.

ಎಲ್ಲಿ ಹುಡುಕೋದು?

ಮೊದಲ ಬಾಗಿಲು ಅಧಿಕೃತ ಡೀಲರ್. ಅಲ್ಲೇ ಕೊಳ್ಳಬೇಕು ಅಂತಿಲ್ಲ, ಸರಿಯಾದ ಪಾರ್ಟ್ ನಂಬರ್ ಮತ್ತು ಬೆಲೆ ಅಲ್ಲಿ ಖಚಿತ ಮಾಡ್ಕೊಳ್ಳಿ. ಟಾಟಾ ಜೆನ್ಯೂನ್ ಪಾರ್ಟ್ಸ್, ಲೇಲ್ಯಾಂಡಿನ ಲೇಪಾರ್ಟ್ಸ್ ಇವು ಕಂಪನಿಗಳ ಸ್ವಂತ ಹೆಸರು.

ಎರಡನೆಯದು, ಪಾರ್ಟ್ ನಿಜವಾಗಿ ಮಾಡೋ ಕಂಪನಿ. ಲಾರಿ ಕಂಪನಿಗಳು ಎಲ್ಲವನ್ನೂ ತಾವೇ ಮಾಡಲ್ಲ. ಸ್ಟಾರ್ಟರ್, ಆಲ್ಟರ್ನೇಟರ್‌ಗೆ ಲೂಕಾಸ್ ಟಿವಿಎಸ್, ಬ್ರೇಕ್‌ಗೆ ಬ್ರೇಕ್ಸ್ ಇಂಡಿಯಾ, ಕ್ಲಚ್‌ಗೆ ಸೆಟ್ಕೊದ ಲೈಪ್, ಡೀಸೆಲ್ ಪಂಪ್‌ಗೆ ಬಾಷ್, ಹೀಗೆ ಬೇರೆಬೇರೆ ತಯಾರಕರು ಇದ್ದಾರೆ. ನಿಮ್ಮ ಹಳೇ ಪಾರ್ಟ್ ಮೇಲೆ ಯಾರ ಹೆಸರಿದೆಯೋ ಅವರದ್ದೇ ಡಬ್ಬಿಯಲ್ಲಿ ಅದೇ ಸಾಮಾನು ಕಮ್ಮಿ ಬೆಲೆಗೆ ಸಿಗೋ ಸಾಧ್ಯತೆ ಇದೆ.

ಮೂರನೆಯದು ಮಾರುಕಟ್ಟೆ. ಬೆಂಗಳೂರಲ್ಲಿ ಟೌನ್ ಹಾಲ್ ಪಕ್ಕದ ಜೆ.ಸಿ. ರಸ್ತೆ ಬಿಡಿಭಾಗಗಳ ದೊಡ್ಡ ಪೇಟೆ, ಹತ್ತಿರದಲ್ಲೇ ಕಲಾಸಿಪಾಳ್ಯ. ಇಲ್ಲಿ ದೊಡ್ಡ ಬೋರ್ಡಿನ ಅಂಗಡಿಗಿಂತ ಒಂದೇ ಬಗೆಯ ಸಾಮಾನು ಇಡೋ ಅಂಗಡಿ ಕೇಳಿ: ಬೇರಿಂಗ್‌ದೇ ಬೇರೆ, ಗೇರ್‌ದೇ ಬೇರೆ, ಗ್ಯಾಸ್ಕೆಟ್‌ದೇ ಬೇರೆ. ಸಾಧ್ಯವಾದ್ರೆ ಹಳೇ ಪಾರ್ಟ್ ಕೈಯಲ್ಲಿ ಹಿಡ್ಕೊಂಡೇ ಹೋಗಿ. ಊರಿಂದ ಬಸ್ಸಿನಲ್ಲಿ ಪಾರ್ಸೆಲ್ ತರಿಸಿ, ಹೊಸದನ್ನ ಹಾಗೇ ಕಳಿಸಬಹುದು. ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಇದಕ್ಕೆ ಅನುಕೂಲ.

ನಾಲ್ಕನೆಯದು ಗುಜರಿ. ಶಿವಾಜಿನಗರದ ಗುಜರಿ ಸಾಲು ಇದಕ್ಕೆ ಹೆಸರುವಾಸಿ. ಚೆನ್ನೈನ ಪುದುಪೇಟೆ, ದಿಲ್ಲಿಯ ಮಾಯಾಪುರಿ ಕೂಡ. ಈಗ ಸರ್ಕಾರದ ಮಾನ್ಯತೆ ಪಡೆದ ಸ್ಕ್ರ್ಯಾಪಿಂಗ್ ಕೇಂದ್ರಗಳೂ ಬಂದಿವೆ. ಎಲ್ಲಿ ಕೊಂಡರೂ ಬಿಲ್ ತಗೊಳ್ಳಿ. ಕದ್ದ ಗಾಡಿಯ ಪಾರ್ಟ್ ಅಂತ ಗೊತ್ತಾದ್ರೆ ಬಿಲ್ ಇಲ್ಲದವರು ಠಾಣೆ ಮೆಟ್ಟಿಲು ಹತ್ತಬೇಕಾಗುತ್ತೆ.

ಇಡೀ ಎಂಜಿನ್ ಬದಲಾಯಿಸೋದಾದ್ರೆ ಇನ್ನೂ ಹುಷಾರು. ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಥ ಬದಲಾವಣೆ ಆರ್‌ಟಿಒ ದಾಖಲೆಗೆ ಬರಬೇಕು. ಇಲ್ಲದಿದ್ರೆ ಎಫ್‌ಸಿ ಹೊತ್ತಿಗೆ, ಅದಕ್ಕಿಂತ ಹೆಚ್ಚಾಗಿ ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ತಲೆನೋವು.

ಯಾವುದು ಹಳೇದು ನಡೆಯುತ್ತೆ, ಯಾವುದು ಬೇಡವೇ ಬೇಡ

ಕ್ಯಾಬಿನ್ ಬಾಗಿಲು, ಬಂಪರ್, ಡೀಸೆಲ್ ಟ್ಯಾಂಕ್, ಮ್ಯಾನಿಫೋಲ್ಡ್, ಗೇರ್‌ಬಾಕ್ಸಿನ ಹೊರಕವಚ, ಬಿರುಕು ಇಲ್ಲದ ಆಕ್ಸಲ್ ಹೌಸಿಂಗ್, ಇವನ್ನ ನೋಡಿಕೊಂಡು ಹಳೇದೇ ಕೊಳ್ಳಬಹುದು. ಹೊಸದರ ಬೆಲೆಯ ಮುಂದೆ ಒಳ್ಳೆ ಉಳಿತಾಯ.

ಬ್ರೇಕ್‌ನ ರಬ್ಬರ್ ಕಿಟ್, ವೀಲ್ ಸಿಲಿಂಡರ್, ಬ್ರೇಕ್ ಹೋಸ್, ಲೈನರ್, ಸ್ಟೀರಿಂಗ್‌ನ ಟೈ ರಾಡ್ ಎಂಡ್, ಕಿಂಗ್ ಪಿನ್, ಚಕ್ರದ ಬೇರಿಂಗ್, ಸೀಲ್ ಇವು ಮಾತ್ರ ಹೊಸದೇ ಆಗಬೇಕು, ಅದೂ ಗೊತ್ತಿರೋ ಮೇಕ್‌ದು. ಲೋಡ್ ಹಾಕಿಕೊಂಡು ಶಿರಾಡಿ ಘಾಟಿ ಇಳಿಯೋ ಗಾಡಿಯಲ್ಲಿ ಇನ್ನೂರು ರೂಪಾಯಿ ಉಳಿಸಿದ ರಬ್ಬರ್ ಏನು ಮಾಡಬಹುದು ಅಂತ ಬಿಡಿಸಿ ಹೇಳಬೇಕಿಲ್ಲ. ಡ್ರೈವರ್ ಸೀಟಲ್ಲಿ ಕೂತಿರೋದು ನಿಮ್ಮ ಅಪ್ಪನೋ, ಇನ್ಯಾರದ್ದೋ ಅಪ್ಪನೋ.

“ಹಳೇ ಸ್ಟಾಕ್, ಆದರೆ ಉಪಯೋಗಿಸಿಲ್ಲ” ಅನ್ನೋ ರಬ್ಬರ್ ಸಾಮಾನನ್ನೂ ನಂಬಬೇಡಿ. ರಬ್ಬರ್ ಡಬ್ಬಿಯೊಳಗೇ ಕೂತು ಮುಪ್ಪಾಗುತ್ತೆ. ಬಗ್ಗಿಸಿ ನೋಡಿದಾಗ ಸಣ್ಣ ಬಿರುಕು ಕಂಡ್ರೆ ವಾಪಸ್ ಇಡಿ.

ನಕಲಿ ಗುರುತಿಸೋಕೆ ಡಬ್ಬಿಯಿಂದಲೇ ಶುರು ಮಾಡಿ. ಪ್ಯಾಕ್ ಮಾಡಿದ ಸಾಮಾನಿನ ಮೇಲೆ ತಯಾರಕರ ಹೆಸರು-ವಿಳಾಸ, ತಿಂಗಳು-ವರ್ಷ, ಎಂಆರ್‌ಪಿ, ಗ್ರಾಹಕರ ದೂರಿಗೆ ಸಂಪರ್ಕ ವಿವರ ಇರಲೇಬೇಕು ಅಂತ ಕಾನೂನಿದೆ. ಕಾಗುಣಿತ ತಪ್ಪಿದೆಯಾ, ಹೊಲೊಗ್ರಾಂ ಅಥವಾ ಕ್ಯೂಆರ್ ಕೋಡ್ ಕೆಲಸ ಮಾಡುತ್ತಾ, ಡಬ್ಬಿ ಮೇಲಿನ ನಂಬರೂ ಒಳಗಿನ ಪಾರ್ಟ್ ನಂಬರೂ ಒಂದೇನಾ ನೋಡಿ. ಹಳೇದನ್ನೂ ಹೊಸದನ್ನೂ ತಕ್ಕಡಿಗೆ ಹಾಕಿದ್ರೂ ಒಂದು ಸುಳಿವು ಸಿಗುತ್ತೆ. ಲೋಹ ಕದ್ದ ನಕಲಿ ಹಗುರ ಇರುತ್ತೆ.

ಬಿಲ್ ಮಾಡಿಸೋವಾಗ ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆ ಜಿಎಸ್‌ಟಿ ಒಂದೇ ದರ, 18 ಪರ್ಸೆಂಟ್. ಮೊದಲು ಹಲವಕ್ಕೆ 28 ಇತ್ತು. ಹಳೇ ದರದ ಲೆಕ್ಕ ಹೇಳಿದ್ರೆ ಕೇಳಿ.

ಎಲ್ಲೂ ಇಲ್ಲ ಅಂದಾಗ

ಕೆಲವೊಂದು ನಿಜಕ್ಕೂ ಸಿಗಲ್ಲ. ಆಗ ಹೊಸದು ಹುಡುಕೋದು ಬಿಟ್ಟು ಹಳೇದನ್ನೇ ಎಬ್ಬಿಸೋ ದಾರಿ ನೋಡಬೇಕು. ಕ್ಲಚ್ ಪ್ಲೇಟಿನ ಹಲ್ಲಿನ ಭಾಗ ಗಟ್ಟಿಯಿದ್ರೆ ಮೇಲಿನ ಲೈನಿಂಗ್ ಮಾತ್ರ ಬದಲಾಯಿಸ್ತಾರೆ. ರೇಡಿಯೇಟರಿಗೆ ಹೊಸ ಕೋರ್ ಕೂರಿಸ್ತಾರೆ. ಸ್ಟಾರ್ಟರ್‌ಗೆ ಹೊಸದಾಗಿ ವೈಂಡಿಂಗ್ ಸುತ್ತುತ್ತಾರೆ. ಸವೆದ ಸಿಲಿಂಡರಿಗೆ ಸ್ಲೀವ್ ಹಾಕ್ತಾರೆ. ಡೀಸೆಲ್ ಪಂಪನ್ನ ಟೆಸ್ಟ್ ಬೆಂಚ್ ಇರೋ ಅಂಗಡಿಯಲ್ಲಿ ಬಿಚ್ಚಿ ಕ್ಯಾಲಿಬ್ರೇಷನ್ ಮಾಡಿಸಬಹುದು. ಅಲ್ಲಿಗೆ ಪಂಪಿನ ಪ್ಲೇಟ್ ನಂಬರ್ ಕೊಡೋದು ಮುಖ್ಯ. ಒಂದೇ ಥರ ಕಾಣೋ ಎರಡು ಪಂಪ್ ಬೇರೆಬೇರೆ ಪ್ರಮಾಣದ ಡೀಸೆಲ್ ಬಿಡಬಹುದು.

ಬುಷ್, ಪಿನ್, ಫ್ಲೇಂಜ್, ಸ್ಪೇಸರ್ ಮಾದರಿಯ ಸರಳ ಭಾಗಗಳನ್ನ ಸ್ಯಾಂಪಲ್ ನೋಡಿ ಮಾಡಿಕೊಡೋ ಲೇತ್ ಅಂಗಡಿಗಳು ಪೀಣ್ಯದಲ್ಲಿ ಬೇಕಾದಷ್ಟಿವೆ. ಎರಕದ ಕೆಲಸಕ್ಕೆ ಬೆಳಗಾವಿ ಮತ್ತು ಶಿವಮೊಗ್ಗದ ಫೌಂಡ್ರಿಗಳು ಹೆಸರಾದವು. ಆದರೆ ಸ್ಟೀರಿಂಗ್ ಮತ್ತು ಬ್ರೇಕಿಗೆ ಸಂಬಂಧಿಸಿದ್ದನ್ನ ಲೇತ್‌ನಲ್ಲಿ ಮಾಡಿಸೋ ಆಲೋಚನೆ ಬೇಡ. ಆಕಾರ ಒಂದೇ ಆದ್ರೂ ಉಕ್ಕಿನ ಜಾತಿ ಮತ್ತು ಅದನ್ನ ಹದ ಮಾಡಿದ ರೀತಿ ಬೇರೆ. ಅದು ಕಣ್ಣಿಗೆ ಕಾಣಲ್ಲ, ಮುರಿದಾಗಲೇ ಗೊತ್ತಾಗೋದು.

ಎಲ್ಲಿವರೆಗೆ ಹುಡುಕೋದು?

ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಆ ದಿನಾಂಕವನ್ನೇ ನಿಮ್ಮ ಲೆಕ್ಕದ ದಿನ ಮಾಡ್ಕೊಳ್ಳಿ. ವರ್ಷದಲ್ಲಿ ಪಾರ್ಟ್‌ಗೆ ಎಷ್ಟು ಹೋಯ್ತು, ಗಾಡಿ ಎಷ್ಟು ದಿನ ನಿಂತಿತ್ತು, ಆ ದಿನಗಳಲ್ಲಿ ಎಷ್ಟು ಬಾಡಿಗೆ ತಪ್ಪಿತು, ಮೂರೂ ಬರೀರಿ. ಜನ ಮೊದಲನೆಯದನ್ನ ಮಾತ್ರ ಲೆಕ್ಕ ಹಾಕ್ತಾರೆ. ಹೆಚ್ಚಿನ ಮನೆಗಳಲ್ಲಿ ದೊಡ್ಡ ನಷ್ಟ ಮೂರನೆಯದು.

ನಂಬರ್ ಸಿದ್ಧ ಇದ್ರೆ ಮೂರು ದಿನದ ಹುಡುಕಾಟ ಅರ್ಧ ದಿನಕ್ಕೆ ಇಳಿಯುತ್ತೆ. ಬೇಗ ಸವೆಯೋ ಸಾಮಾನು, ಅಂದ್ರೆ ಫ್ಯಾನ್ ಬೆಲ್ಟ್, ಫಿಲ್ಟರ್, ಚಕ್ರದ ಸೀಲ್, ಬ್ರೇಕ್ ರಬ್ಬರ್ ಕಿಟ್ ಒಂದೊಂದು ಮನೆಯಲ್ಲೇ ಇದ್ರೆ ಆ ಅರ್ಧ ದಿನವೂ ಬೇಡ. ರಬ್ಬರ್ ಸಾಮಾನನ್ನ ವರ್ಷಗಟ್ಟಲೆ ಇಡಬೇಡಿ, ಅಷ್ಟೇ. ಅಷ್ಟೆಲ್ಲ ಮಾಡಿದ ಮೇಲೂ ಎರಡು ವರ್ಷ ಸತತವಾಗಿ ಗಾಡಿ ದುಡಿದಿದ್ದಕ್ಕಿಂತ ತಿಂದಿದ್ದೇ ಹೆಚ್ಚಾದ್ರೆ, ಅಪ್ಪನ ಜೊತೆ ಕೂತು ಆ ಮಾತೂ ಆಡಬೇಕು. ಆಗ ನಿಮ್ಮ ಕೈಲಿ ಅಂಕಿ ಇರುತ್ತೆ, ಬರೀ “ಮಾರಿಬಿಡಿ ಅಪ್ಪಾ” ಅನ್ನೋ ಮಾತಲ್ಲ. ಗಾಡಿಯಿಂದ ಮನೆ ಕಟ್ಟಿದವರಿಗೆ ಆ ಮಾತು ಸುಮ್ಮನೆ ಹೇಳಿದ್ರೆ ನೋವಾಗುತ್ತೆ, ಲೆಕ್ಕ ತೋರಿಸಿ ಹೇಳಿದ್ರೆ ಅವರೇ ಯೋಚಿಸ್ತಾರೆ.

ಮಾರೋ ದಿನ ಬಂದ್ರೂ ಜಾತಕ ವ್ಯರ್ಥವಲ್ಲ. ಯಾವ ಪಾರ್ಟ್ ಯಾವಾಗ ಬದಲಾಯ್ತು ಅಂತ ಬರೆದಿಟ್ಟ, ಬಿಲ್ ಸಮೇತ ಇರೋ ಹಳೇ ಗಾಡಿಗೆ ಕೊಳ್ಳೋರು ನಾಲ್ಕು ಕಾಸು ಹೆಚ್ಚೇ ಕೊಡ್ತಾರೆ. ಈ ವಾರವೇ ಮನೆಯ ವಾಟ್ಸಾಪ್ ಗ್ರೂಪ್‌ನಲ್ಲಿ ಅಪ್ಪನಿಗೆ ಒಂದು ಮೆಸೇಜ್ ಹಾಕಿ: ಆರ್‌ಸಿಯ ಎರಡೂ ಬದಿ, ಎಂಜಿನ್ ಪ್ಲೇಟ್, ಪಂಪ್ ಪ್ಲೇಟ್, ಟೈರಿನ ಅಳತೆ, ನಾಲ್ಕು ಫೋಟೋ ಕಳಿಸಿ ಅಂತ. ಗಾಡಿ ಚೆನ್ನಾಗಿ ಓಡ್ತಿರೋವಾಗಲೇ ಇದನ್ನ ಮಾಡಿದ್ರೆ ಸಲೀಸು.